ಲೆಕ್ಕಕ್ಕೆ ಬಾರದ ನಾಲ್ಕು ಮಳೆ

ಮಳೆ ಬರೆದಿಡುವ ಅಭ್ಯಾಸ ನನಗೆ ಬಹಳ ವರ್ಷದ್ದು. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ಪುಸ್ತಕಕ್ಕೆ ಏರಿಸುತ್ತೇನೆ. ಮಗಳು ಅದನ್ನು ಮೊಬೈಲಿನ ಸ್ಪ್ರೆಡ್‌ಶೀಟಿಗೆ ಹಾಕಿಕೊಟ್ಟಳು. ಅದೂ ಗೆರೆ ಎಳೆದ ಲೆಕ್ಕದ ಪುಸ್ತಕದ ಹಾಗೇ. ಎ ಕಾಲಂನಲ್ಲಿ ತಾರೀಕು, ಬಿ ಕಾಲಂನಲ್ಲಿ ಮಳೆ.

2024ರ ಜೂನ್‌ನಲ್ಲಿ ಎಷ್ಟು ದಿನ ಮಳೆ ಆಯ್ತು ಎಂದು ನೋಡಲು =ಕೌಂಟ್(ಬಿ2:ಬಿ31) ಎಂದು ಹೊಡೆದಳು. ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಬಿ ಕಾಲಂನ 2ರಿಂದ 31ನೇ ಮನೆವರೆಗೆ ಅಂಕಿ ಇರುವ ಮನೆ ಎಷ್ಟಿವೆ ಎಣಿಸು ಎಂದರ್ಥ. 7 ಎಂದು ಬಂತು. ಒಟ್ಟು ಮಳೆ 52 ಮಿ.ಮೀ. ಹಿಂದಿನ ವರ್ಷಗಳಿಗಿಂತ ಬಲು ಕಡಿಮೆ. ಇನ್ನು ಜೂನ್ ಮಳೆ ನೆಚ್ಚಿ ಹೆಸರು ಬಿತ್ತೋದು ಬಿಟ್ಟೇಬಿಡೋಣ ಅಂತ ತೀರ್ಮಾನಿಸಿದ್ದೆ.

ನಮ್ಮ ಮನೆಯಾಕೆ ಕೇಳಿದಳು: 'ಹಳ್ಳ ಹರಿದ ದಿನ ಲೆಕ್ಕಕ್ಕೆ ಬಂತೇನ್ರೀ?'

ಪುಸ್ತಕ ತೆಗೆದು ಎಣಿಸಿದರೆ 11 ದಿನ, 94 ಮಿ.ಮೀ.! ನಾಲ್ಕು ದಿನ ನಾನು '18 ಮಿ.ಮೀ.' ಎಂದು ಅಕ್ಷರ ಸೇರಿಸಿ ಬರೆದಿದ್ದೆ. ಮಗಳು ಇದ್ದಂಗೇ ಹಾಕಿದ್ದಳು. ಅಕ್ಷರ ಸೇರಿದರೆ ಅದು ಅಂಕಿಯಲ್ಲ, ಬರೀ ಬರಹ. ಕೌಂಟ್ ಅದನ್ನು ಎಣಿಸೋದಿಲ್ಲ, ಮೊತ್ತ ಹಾಕುವ ಸಮ್ ಕೂಡಾ ಕೂಡಿಸೋದಿಲ್ಲ. ತಪ್ಪಾಗಿದೆ ಅಂತ ಹೇಳೋದೂ ಇಲ್ಲ.

ನಾವು ಕಲಿತದ್ದು ಇಷ್ಟು:

1. ಮನೆಯಲ್ಲಿ ಬರೀ ಅಂಕಿ ಹಾಕಿ. 'ಮಿ.ಮೀ.' ಎಂಬುದು ಕಾಲಂನ ತಲೆಯಲ್ಲಿ ಒಮ್ಮೆ ಇದ್ದರೆ ಸಾಕು.

2. ಮಳೆ ಇಲ್ಲದ ದಿನ 0 ಹಾಕಿ. ಅಳೆಯದ ದಿನ ಖಾಲಿ ಬಿಡಿ. ಎರಡೂ ಒಂದೇ ಅಲ್ಲ. ಕೌಂಟ್ ಸೊನ್ನೆಯನ್ನು ಎಣಿಸುತ್ತದೆ, ಖಾಲಿ ಮನೆ ಬಿಡುತ್ತದೆ. ಹಾಗಾಗಿ ಎಷ್ಟು ದಿನ ಅಳೆದಿದ್ದೇವೆ ಎಂದು ತಿಳಿಯುತ್ತದೆ.

3. ಮಳೆ ದಿನ ಬೇಕಾದರೆ =ಕೌಂಟಿಫ್(ಬಿ2:ಬಿ31,">=2.5") ಹೊಡೆಯಿರಿ. ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಹವಾಮಾನ ಇಲಾಖೆ ಮಳೆ ದಿನ ಎನ್ನುತ್ತದೆ.

4. ತಾರೀಕಿನ ಕಾಲಂ ಸೇರಿಸಬೇಡಿ. ತಾರೀಕೂ ಅದಕ್ಕೆ ಅಂಕಿಯೇ, ಎಣಿಸಿಬಿಡುತ್ತದೆ.

ಮೊದಲು ಒಂದು ತಿಂಗಳದ್ದು ಕೈಯಲ್ಲೇ ಎಣಿಸಿ ತಾಳೆ ನೋಡಿ. ತಾಳೆಯಾದರೆ ಉಳಿದ ತಿಂಗಳು ಹಾಕಿ. ಹಳೇ ಪುಸ್ತಕ ಮಾತ್ರ ರದ್ದಿಗೆ ಹಾಕಬೇಡಿ. ಅದು ಇದ್ದದ್ದಕ್ಕೇ ನನ್ನ ನಾಲ್ಕು ಮಳೆ ವಾಪಸ್ ಸಿಕ್ಕವು, ಹೆಸರೂ ಹೊಲದಲ್ಲಿ ಉಳಿಯಿತು.