ಭಯವೂ ಎಚ್ಚರವೂ

1910ನೆಯ ಇಸವಿಯ ಮೇ ತಿಂಗಳು. ಹ್ಯಾಲಿ ಧೂಮಕೇತುವು ಆಕಾಶದಲ್ಲಿ ಕಾಣಿಸಿಕೊಂಡಿತ್ತು. ಆ ತಿಂಗಳ 18 ಮತ್ತು 19ರ ನಡುವೆ ಭೂಮಿಯು ಅದರ ಬಾಲದೊಳಗೆ ಹಾದುಹೋಗುವುದೆಂದು ಖಗೋಳಶಾಸ್ತ್ರಜ್ಞರು ಗಣಿಸಿ ಹೇಳಿದ್ದರು. ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿರುವುದು ಬೆಳಕಿನ ಪರೀಕ್ಷೆಯಿಂದ ತಿಳಿದುಬಂದಿತ್ತು. ಈ ಅನಿಲವು ವಾಯುಮಂಡಲವನ್ನು ಹೊಕ್ಕು ಜೀವರಾಶಿಯನ್ನೇ ಅಳಿಸಬಹುದೆಂದು ಫ್ರಾನ್ಸಿನ ಖಗೋಳ ಲೇಖಕರಾದ ಕಮೀಲ್ ಫ್ಲಮಾರಿಯೋನ್ ಅವರು ಅಭಿಪ್ರಾಯಪಟ್ಟಿರುವರೆಂದು ಪತ್ರಿಕೆಗಳು ಪ್ರಕಟಿಸಿದವು. ಬಾಲವು ಅತಿ ವಿರಳವಾದುದು, ಅದರಿಂದ ಯಾವ ಅಪಾಯವೂ ಇಲ್ಲವೆಂದು ಉಳಿದ ವಿಜ್ಞಾನಿಗಳು ಹೇಳಿದ ಮಾತು ಆ ಗದ್ದಲದಲ್ಲಿ ಅಡಗಿಹೋಯಿತು.

ಅಮೆರಿಕದಲ್ಲಿ ಜನರು ಬಾಗಿಲುಗಳ ಸಂದುಗಳಿಗೂ ಬೀಗದ ಕಂಡಿಗಳಿಗೂ ಬಟ್ಟೆ ತುರುಕಿದರು. ವಿಷಾನಿಲದಿಂದ ರಕ್ಷಿಸುವ ಮುಖವಾಡಗಳು ಮಾರಾಟವಾದವು. ಇಂಥ ಸಮಯವನ್ನೇ ಕಾಯುತ್ತಿದ್ದ ಚತುರರು ‘ಧೂಮಕೇತುವಿನ ಗುಳಿಗೆ’ಗಳನ್ನು ಮಾರಿ ಹಣ ಮಾಡಿಕೊಂಡರು. ನಿಗದಿಯಾದ ರಾತ್ರಿ ಬಂದಿತು, ಕಳೆಯಿತು. ಸೂರ್ಯನು ಎಂದಿನಂತೆ ಉದಯಿಸಿದನು. ಗುಳಿಗೆ ಕೊಂಡವರ ಹಣ ಮಾತ್ರ ಹಿಂದಿರುಗಿ ಬರಲಿಲ್ಲ.

ಲೋಕವು ಇಂಥ ದಿನ ಮುಗಿಯುವುದೆಂಬ ಭವಿಷ್ಯವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಹುಟ್ಟಿದೆ. ನಮ್ಮ ದೇಶದಲ್ಲಿ 1962ರ ಫೆಬ್ರವರಿ 3ರಿಂದ 5ರವರೆಗೆ ಸಂಭವಿಸಿದ ಅಷ್ಟಗ್ರಹ ಕೂಟವು ಇದಕ್ಕೆ ಪ್ರಸಿದ್ಧ ನಿದರ್ಶನ. ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಮತ್ತು ಕೇತು ಮಕರರಾಶಿಯಲ್ಲಿ ಸೇರುವುದರಿಂದ ಮಹಾ ಅನಾಹುತವಾಗುವುದೆಂದು ಅನೇಕ ಜ್ಯೋತಿಷಿಗಳು ಸಾರಿದರು. ಊರೂರುಗಳಲ್ಲಿ ಹೋಮಹವನಗಳು ನಡೆದವು. ಮಂಗಳಕಾರ್ಯಗಳನ್ನೂ ಪ್ರಯಾಣಗಳನ್ನೂ ಜನರು ಮುಂದಕ್ಕೆ ಹಾಕಿದರು. ಆದರೆ ಆ ಮೂರು ದಿನಗಳೂ ಉಳಿದ ದಿನಗಳಂತೆಯೇ ಕಳೆದವು. ಕೇತು ಎಂಬುದು ಒಂದು ಕಾಯವೇ ಅಲ್ಲ. ಚಂದ್ರನ ಪಥವು ಸೂರ್ಯನ ಪಥವನ್ನು ಸಂಧಿಸುವ ಬಿಂದು ಮಾತ್ರ. ಗ್ರಹಗಳೆಲ್ಲ ಒಂದು ಕಡೆ ಕಂಡರೂ ಭೂಮಿಯ ಮೇಲೆ ಅವುಗಳ ಸೆಳೆತವು ಚಂದ್ರನ ಸೆಳೆತದ ಮುಂದೆ ಲೆಕ್ಕಕ್ಕೇ ಬಾರದಷ್ಟು ಅಲ್ಪವಾದುದು.

ಸುಳ್ಳಾದ ಭವಿಷ್ಯವನ್ನು ಕಂಡು ನಕ್ಕು ಸುಮ್ಮನಾಗಬಹುದೆಂದು ಯಾರಿಗಾದರೂ ತೋರಬಹುದು. ಆದರೆ ಪ್ರಳಯವು ಸುಳ್ಳಾದರೂ ಅದರ ಭಯವು ಸುಳ್ಳಲ್ಲ. ಆ ಭಯವು ಮೊದಲು ಕಾಲಿಡುವುದು ಅಂಗಡಿಬೀದಿಗೆ.

2012ರ ಡಿಸೆಂಬರ್ 21ರಂದು ಲೋಕವು ಮುಗಿಯುವುದೆಂಬ ವದಂತಿಯು ಜಗತ್ತಿನಲ್ಲೆಲ್ಲ ಹಬ್ಬಿತು. ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಕಾಲಗಣನೆಯಲ್ಲಿ ಒಂದು ದೀರ್ಘ ಆವರ್ತವು ಅಂದು ಮುಗಿಯುತ್ತಿತ್ತು. ಫಾಲ್ಗುಣದ ಅಮಾವಾಸ್ಯೆಗೆ ಹಳೆಯ ಪಂಚಾಂಗ ಮುಗಿದು ಯುಗಾದಿಗೆ ಹೊಸ ಪಂಚಾಂಗ ತೊಡಗುವಂತೆ, ಅಲ್ಲಿಯೂ ಒಂದು ಆವರ್ತ ಮುಗಿದು ಇನ್ನೊಂದು ಆರಂಭವಾಗಬೇಕಿತ್ತು, ಅಷ್ಟೆ. ಆದರೂ ಮೂರು ದಿನ ಜಗತ್ತನ್ನು ಕತ್ತಲೆ ಕವಿಯುವುದೆಂಬ ಮಾತನ್ನು ನಂಬಿ, ಚೀನಾದ ಸಿಚುವಾನ್ ಪ್ರಾಂತದ ಕೆಲವು ಕಡೆ ಜನರು ಮೇಣದ ಬತ್ತಿಗಳಿಗಾಗಿ ಮುಗಿಬಿದ್ದರು. ಅಂಗಡಿಗಳಲ್ಲಿ ಬತ್ತಿಗಳು ತೀರಿಹೋದವು.

ಹೀಗೇಕಾಗುವುದು? ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳಬಹುದು. ಆ ಊರಿನಲ್ಲಿ ಸಾವಿರ ಮನೆಗಳಿವೆ. ಪ್ರತಿ ಮನೆಗೂ ತಿಂಗಳಿಗೆ ಒಂದು ಕಿಲೋಗ್ರಾಂ ಉಪ್ಪು ಬೇಕು. ಊರಿನ ದಿನಸಿ ಅಂಗಡಿಗಳವರು ಹದಿನೈದು ದಿನಗಳಿಗೆ ಸಾಲುವಷ್ಟು, ಎಂದರೆ ಐನೂರು ಕಿಲೋಗ್ರಾಂ ಉಪ್ಪನ್ನು ದಾಸ್ತಾನು ಇಟ್ಟಿರುತ್ತಾರೆ. ವದಂತಿ ಹಬ್ಬಿದ ದಿನ ಕೇವಲ ನೂರು ಮನೆಯವರು ಐದೈದು ಕಿಲೋಗ್ರಾಂ ಕೊಂಡರೆ ಸಾಕು, ಸಂಜೆಯೊಳಗಾಗಿ ಉಪ್ಪೆಲ್ಲ ಮುಗಿದುಹೋಗುತ್ತದೆ. ಉಪ್ಪಿಗೆ ಕೊರತೆಯೇನೂ ಇರಲಿಲ್ಲ; ಆದರೆ ಮರುದಿನ ಬೆಳಿಗ್ಗೆ ಬಂದವರಿಗೆ ಕಾಣುವುದು ಬರಿದಾದ ಚೀಲ. ಆ ಬರಿದಾದ ಚೀಲವೇ ವದಂತಿಗೆ ಸಾಕ್ಷಿಯಾಗುತ್ತದೆ. ಅನಂತರ ಪ್ರಳಯವನ್ನು ನಂಬದವನೂ ಸಾಲಿನಲ್ಲಿ ನಿಲ್ಲುತ್ತಾನೆ. ಅವನಿಗಿರುವ ಅಂಜಿಕೆ ಆಕಾಶದ್ದಲ್ಲ, ಪಕ್ಕದ ಮನೆಯವನದು.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಮರ್ಟನ್ ಅವರು 1948ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇಂಥ ಸ್ಥಿತಿಯನ್ನು ‘ತನ್ನನ್ನು ತಾನೇ ನಿಜವಾಗಿಸಿಕೊಳ್ಳುವ ಭವಿಷ್ಯ’ವೆಂಬ ಅರ್ಥದ ಹೆಸರಿನಿಂದ ವಿವರಿಸಿದರು. ಬ್ಯಾಂಕು ಮುಳುಗುವುದೆಂಬ ಸುಳ್ಳು ಸುದ್ದಿಯನ್ನು ನಂಬಿ ಎಲ್ಲರೂ ಒಮ್ಮೆಗೇ ಹಣ ಹಿಂತೆಗೆದುಕೊಂಡರೆ, ಭದ್ರವಾಗಿದ್ದ ಬ್ಯಾಂಕೂ ನಿಜವಾಗಿ ಮುಳುಗುತ್ತದೆ. ಅದರಂತೆ, ಲೋಕ ಮುಗಿಯುವುದೆಂಬ ಭವಿಷ್ಯವು ಸುಳ್ಳಾಗುತ್ತದೆ. ಅಂಗಡಿಯಲ್ಲಿ ಸಾಮಾನು ಮುಗಿಯುವುದೆಂಬ ಭವಿಷ್ಯವು ಮಾತ್ರ ನಿಜವಾಗುತ್ತದೆ.

ಇದರ ಹೊರೆಯನ್ನು ಹೊರುವವರು ಯಾರು? ಕೈಯಲ್ಲಿ ಹಣವಿದ್ದವರು ಚೀಲ ತುಂಬಿಕೊಂಡು ಹೋಗುತ್ತಾರೆ. ಅಂದಿನ ಕೂಲಿಯಿಂದ ಅಂದಿನ ಅಕ್ಕಿ ಬೇಳೆಗಳನ್ನು ಕೊಳ್ಳುವ ಶ್ರಮಿಕನು ಸಂಜೆ ಅಂಗಡಿಗೆ ಬರುವ ವೇಳೆಗೆ ಸಾಮಾನು ಇರುವುದಿಲ್ಲ, ಇದ್ದರೂ ಬೆಲೆ ಏರಿರುತ್ತದೆ. ಒಬ್ಬರ ಅನಗತ್ಯ ಸಂಗ್ರಹವು ಇನ್ನೊಬ್ಬರ ಒಲೆಯನ್ನು ಆರಿಸುತ್ತದೆ. ಕಾಳಸಂತೆಯವರಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇರೊಂದಿಲ್ಲ.

ಹಾಗೆಂದ ಮಾತ್ರಕ್ಕೆ ಸಂಗ್ರಹಿಸುವುದೇ ತಪ್ಪೆಂದು ಭಾವಿಸಬಾರದು. ಮಲೆನಾಡಿನ ಗೃಹಿಣಿಯರು ಬೇಸಗೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಒಣಗಿಸಿ, ಉಪ್ಪಿನಕಾಯಿ ಹಾಕಿ, ಸೌದೆಯನ್ನು ಕೊಟ್ಟಿಗೆಯಲ್ಲಿ ಒಟ್ಟಿ ಮಳೆಗಾಲಕ್ಕೆ ಸಿದ್ಧರಾಗುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬಯಲುಸೀಮೆಯ ರೈತರು ಹಿಂದೆ ಬರಗಾಲಕ್ಕೆಂದು ನೆಲದೊಳಗಣ ಹಗೇವುಗಳಲ್ಲಿ ಧಾನ್ಯವನ್ನು ತುಂಬಿಡುತ್ತಿದ್ದರು. ಇವರನ್ನು ಪ್ರೇರಿಸಿದುದು ಭಯವಲ್ಲ, ಅನುಭವ. ಸುಭಿಕ್ಷದ ಕಾಲದಲ್ಲಿ ಸ್ವಲ್ಪಸ್ವಲ್ಪವಾಗಿ ಕೂಡಿಟ್ಟುದರಿಂದ ಸಂತೆ ಬರಿದಾಗಲಿಲ್ಲ. ನೆರೆಯವನ ಪಾಲು ಕಡಿಮೆಯಾಗಲಿಲ್ಲ.

ಪ್ರಳಯದ ಭವಿಷ್ಯವು ಜನರನ್ನು ಹೀಗೆ ಎಚ್ಚರಗೊಳಿಸಬಲ್ಲದೆ? ಅಮೆರಿಕದಲ್ಲಿ 1990ರಲ್ಲಿ ನಡೆದ ಒಂದು ಘಟನೆಯು ಈ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯೂ ಮ್ಯಾಡ್ರಿಡ್ ಎಂಬ ಪುಟ್ಟ ಪಟ್ಟಣವಿದೆ. ಆ ಪ್ರದೇಶದಲ್ಲಿ 1811 ಮತ್ತು 1812ರಲ್ಲಿ ಘೋರ ಭೂಕಂಪಗಳಾಗಿದ್ದವು. ಐಬೆನ್ ಬ್ರೌನಿಂಗ್ ಎಂಬ ಸಲಹೆಗಾರರು, ಸೂರ್ಯಚಂದ್ರರ ಸೆಳೆತದ ಆಧಾರದ ಮೇಲೆ, 1990ರ ಡಿಸೆಂಬರ್ 3ರ ಸುಮಾರಿಗೆ ಅಲ್ಲಿ ದೊಡ್ಡ ಭೂಕಂಪವಾಗುವ ಸಂಭವವು ನೂರಕ್ಕೆ ಐವತ್ತರಷ್ಟಿದೆಯೆಂದು ಹೇಳಿದರು. ಅವರು ಭೂಕಂಪಶಾಸ್ತ್ರಜ್ಞರಾಗಿರಲಿಲ್ಲ. ಈ ಮಾತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ತಜ್ಞರ ಮಂಡಲಿಯು ಅಕ್ಟೋಬರ್ ತಿಂಗಳಲ್ಲಿ ಸ್ಪಷ್ಟಪಡಿಸಿತು. ಆ ವೇಳೆಗೆ ಭೀತಿಯು ಬೇರೂರಿತ್ತು. ಜನರು ನೀರಿನ ಬಾಟಲಿಗಳನ್ನೂ ಬ್ಯಾಟರಿಗಳನ್ನೂ ಕೊಂಡರು. ಭೂಕಂಪದ ವಿಮೆಗಾಗಿ ಧಾವಿಸಿದರು. ನಿಗದಿಯಾದ ದಿನ ಸುತ್ತಲಿನ ಅನೇಕ ಶಾಲೆಗಳು ಮುಚ್ಚಿದ್ದವು. ಪತ್ರಿಕಾ ಪ್ರತಿನಿಧಿಗಳು ನ್ಯೂ ಮ್ಯಾಡ್ರಿಡ್‌ನಲ್ಲಿ ಕಿಕ್ಕಿರಿದು ನೆರೆದರು. ಭೂಮಿ ಅಲುಗಲಿಲ್ಲ.

ಈ ಘಟನೆಯಿಂದ ಕೇಡಿನ ಜೊತೆಗೆ ಸ್ವಲ್ಪ ಒಳಿತೂ ಆಯಿತೆಂಬುದನ್ನು ಒಪ್ಪಬೇಕು. ಕೆಲವರು ಎತ್ತರದ ಕಪಾಟುಗಳನ್ನೂ ನೀರು ಕಾಯಿಸುವ ಹಂಡೆಗಳನ್ನೂ ಗೋಡೆಗೆ ಬಿಗಿದರು. ಅನಿಲದ ಕೊಳವೆಯನ್ನು ಮುಚ್ಚುವ ಬಗೆಯನ್ನು ಕಲಿತರು. ಆ ಪ್ರದೇಶವು ನಿಜವಾಗಿಯೂ ಭೂಕಂಪದ ವಲಯವಾದುದರಿಂದ ಈ ಕೆಲಸಗಳು ವ್ಯರ್ಥವಲ್ಲ. ಆದರೆ ಇವಕ್ಕೆ ಡಿಸೆಂಬರ್ 3ನೆಯ ದಿನವೇ ಬೇಕಾಗಿರಲಿಲ್ಲ. ದಿನಾಂಕಕ್ಕೆ ಕಟ್ಟುಬಿದ್ದ ಎಚ್ಚರವು ದಿನಾಂಕದೊಡನೆಯೇ ಮುಗಿಯುವುದು ಸಹಜ. ಅಷ್ಟೇ ಅಲ್ಲದೆ ‘ಹುಲಿ ಬಂತು ಹುಲಿ’ ಎಂದು ಕೂಗಿದ ದನಗಾಹಿ ಹುಡುಗನ ಕಥೆಯಲ್ಲಿ ಆದಂತೆ, ಹಲವು ಬಾರಿ ಸುಳ್ಳು ಕೂಗನ್ನು ಕೇಳಿದವರು ನಿಜವಾದ ಕೂಗಿಗೂ ಓಗೊಡದೆ ಹೋಗಬಹುದು. ಪ್ರಳಯದ ಭವಿಷ್ಯದಿಂದ ಒದಗುವ ಅತಿ ದೊಡ್ಡ ಹಾನಿ ಇದು.

ನಿಜವಾದ ಕೂಗಿಗೆ ಓಗೊಟ್ಟರೆ ಏನಾಗುವುದೆಂಬುದನ್ನು ಒಡಿಶಾ ರಾಜ್ಯವು ತೋರಿಸಿಕೊಟ್ಟಿದೆ. 1999ರ ಅಕ್ಟೋಬರ್ 29ರಂದು ಅಲ್ಲಿನ ಕರಾವಳಿಗೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಮೃತಪಟ್ಟರು. ಆ ದುಃಖದಿಂದ ರಾಜ್ಯವು ಪಾಠ ಕಲಿಯಿತು. ವಿಪತ್ತುಗಳ ನಿರ್ವಹಣೆಗಾಗಿಯೇ ಆ ವರ್ಷದಲ್ಲಿಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಲಾಯಿತು. ಮುಂದಿನ ವರ್ಷಗಳಲ್ಲಿ ಕರಾವಳಿಯ ಊರುಗಳಲ್ಲಿ ಭದ್ರವಾದ ಆಶ್ರಯಧಾಮಗಳು ಎದ್ದವು. ಗ್ರಾಮದ ತರುಣತರುಣಿಯರಿಗೆ ರಕ್ಷಣಾಕಾರ್ಯದಲ್ಲಿ ತರಬೇತು ದೊರೆಯಿತು. ಗಾಳಿ ಬೀಸದ ದಿನಗಳಲ್ಲಿಯೇ ಅಣಕು ಕಾರ್ಯಾಚರಣೆಗಳು ನಡೆದವು.

2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಪ್ರಬಲ ಚಂಡಮಾರುತವು ಗೋಪಾಲಪುರದ ಬಳಿ ದಡ ಸೇರಿತು. ಹವಾಮಾನ ಇಲಾಖೆಯ ಮುನ್ಸೂಚನೆಯಂತೆ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಮಡಿದವರ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ. 2019ರ ಮೇ 3ರಂದು ಫನಿ ಚಂಡಮಾರುತವು ಪುರಿಯ ಸಮೀಪಕ್ಕೆ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರು ಸ್ಥಳಾಂತರಗೊಂಡರು. ಆಗ ರಾಜ್ಯದಲ್ಲಿ ಅರುವತ್ತನಾಲ್ಕು ಜೀವಗಳು ಹೋದವು. ಒಂದು ಜೀವ ಹೋದರೂ ಅದು ನಷ್ಟವೇ. ಆದರೂ ಹತ್ತು ಸಾವಿರಕ್ಕೂ ಈ ಸಂಖ್ಯೆಗಳಿಗೂ ಇರುವ ಅಂತರವೇ ಸಿದ್ಧತೆಯ ಬೆಲೆ.

ಪ್ರಳಯದ ಭವಿಷ್ಯಕ್ಕೂ ಹವಾಮಾನದ ಮುನ್ಸೂಚನೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಕಷ್ಟವಲ್ಲ. ಭವಿಷ್ಯವು ದಿನವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಮುನ್ಸೂಚನೆಯು ಯಾವ ಜಿಲ್ಲೆ, ಎಷ್ಟು ವೇಗದ ಗಾಳಿ, ಎಷ್ಟು ಮಳೆ ಎಂಬುದನ್ನು ಹೇಳುತ್ತದೆ. ಭವಿಷ್ಯವು ತನ್ನ ತಪ್ಪನ್ನು ಒಪ್ಪುವುದಿಲ್ಲ, ಹೊಸ ದಿನಾಂಕವನ್ನು ಹುಡುಕುತ್ತದೆ. ಮುನ್ಸೂಚನೆಯು ಗಳಿಗೆಗಳಿಗೆಗೂ ತನ್ನನ್ನು ತಿದ್ದಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಭವಿಷ್ಯವನ್ನು ಕೇಳಿದವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಮುನ್ಸೂಚನೆಯನ್ನು ಕೇಳಿದವನಿಗೆ ಮಾಡಬೇಕಾದ ಕೆಲಸವು ಕಣ್ಣ ಮುಂದಿರುತ್ತದೆ. ಒಂದು ಭಯವನ್ನು ಬಿತ್ತುತ್ತದೆ, ಇನ್ನೊಂದು ದಾರಿಯನ್ನು ತೋರುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳುತ್ತಾರೆ. ಬಾವಿಯನ್ನು ತೋಡಲು ಸೂಕ್ತವಾದ ಕಾಲವೆಂದರೆ ಬೆಂಕಿಯ ಸುಳಿವೇ ಇಲ್ಲದ ಸಾಮಾನ್ಯ ದಿನ. ಕೆಲವು ದಿನಗಳಿಗೆ ಸಾಕಾಗುವ ಕುಡಿಯುವ ನೀರು, ಒಣ ಆಹಾರ, ಒಂದು ಟಾರ್ಚು, ಮನೆಯವರಿಗೆ ನಿತ್ಯ ಬೇಕಾದ ಔಷಧಿಗಳು, ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸಿದ ಕಾಗದಪತ್ರಗಳು, ತುರ್ತು ಸಮಯದಲ್ಲಿ ಕರೆಯಬೇಕಾದ 112 ಎಂಬ ಸಂಖ್ಯೆಯ ನೆನಪು — ಇಷ್ಟನ್ನು ಒದಗಿಸಿಕೊಳ್ಳಲು ಯಾವ ಭವಿಷ್ಯದ ಅಗತ್ಯವೂ ಇಲ್ಲ. ಯಾರ ಪಾಲನ್ನೂ ಕಸಿಯಬೇಕಾಗಿಲ್ಲ. ನೆರೆಮನೆಯಲ್ಲಿ ನಡೆಯಲಾರದ ವೃದ್ಧರಿದ್ದರೆ, ಆಪತ್ತಿನಲ್ಲಿ ಅವರನ್ನು ಕೈಹಿಡಿದು ಕರೆದೊಯ್ಯುವವರು ಯಾರೆಂಬುದನ್ನು ಇಂದೇ ಗೊತ್ತುಪಡಿಸಿಕೊಳ್ಳುವುದೂ ಸಿದ್ಧತೆಯೇ.

ಹ್ಯಾಲಿ ಧೂಮಕೇತುವು 1986ರಲ್ಲಿ ಮತ್ತೆ ಬಂದುಹೋಯಿತು. 2061ರಲ್ಲಿ ಇನ್ನೊಮ್ಮೆ ಬರಲಿದೆ. ಆ ವೇಳೆಗೆ ಇಂದಿನ ಬಾಲಕ ಬಾಲಕಿಯರು ಅಜ್ಜ ಅಜ್ಜಿಯರಾಗಿರುತ್ತಾರೆ. ಅಂದು ಯಾರಾದರೂ ಗುಳಿಗೆ ಮಾರಲು ಬಂದರೆ ಅವರನ್ನು ಹಿಂದಕ್ಕೆ ಕಳುಹಿಸಿ, ಮೊಮ್ಮಕ್ಕಳನ್ನು ಅಂಗಳಕ್ಕೆ ಕರೆದು ಆ ಬೆಳಕನ್ನು ತೋರಿಸುವ ಜವಾಬ್ದಾರಿ ಅವರದೇ ಆಗಿರುತ್ತದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 1910ರಲ್ಲಿ ಜನರು ಧೂಮಕೇತುವಿಗೆ ಅಂಜಿದುದೇಕೆ?
2. ಕೇತು ಎಂದರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಾಮಾನಿಗೆ ಕೊರತೆಯಿಲ್ಲದಿದ್ದರೂ ಅಂಗಡಿಗಳು ಬರಿದಾಗುವುದು ಹೇಗೆ?
2. ಮಲೆನಾಡಿನ ಗೃಹಿಣಿಯ ಸಂಗ್ರಹಕ್ಕೂ ಗಾಬರಿಯ ಖರೀದಿಗೂ ಇರುವ ಭೇದವೇನು?

ಇ) ಸ್ವಂತ ವಾಕ್ಯಗಳಲ್ಲಿ ವಿವರಿಸಿರಿ.
‘ದಿನಾಂಕಕ್ಕೆ ಕಟ್ಟುಬಿದ್ದ ಎಚ್ಚರವು ದಿನಾಂಕದೊಡನೆಯೇ ಮುಗಿಯುವುದು ಸಹಜ.’