ವ್ಯವಹಾರ ನಿರ್ವಹಣಾ ಪ್ರವೇಶ ಪರೀಕ್ಷೆ: ಎರಡನೆಯ ಪ್ರಯತ್ನದ ಅಭ್ಯಾಸಕ್ರಮ

ಪದವಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದ ವಿದ್ಯಾರ್ಥಿಯು ಎಂ.ಬಿ.ಎ. ಪ್ರವೇಶ ಪರೀಕ್ಷೆಯಲ್ಲಿ ನಿರೀಕ್ಷಿಸಿದಷ್ಟು ಅಂಕ ಬಾರದೆ ನಿರಾಶನಾಗುವುದುಂಟು. ತುಮಕೂರು ನಗರದಲ್ಲಿಯೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿಯೂ ಇಂತಹವರಲ್ಲಿ ಹಲವರು ತಮ್ಮ ಮನೆತನದ ಮೊದಲ ಪದವೀಧರರು. ರಾಗಿ, ತೆಂಗು, ಅಡಿಕೆಗಳ ಆದಾಯದಿಂದ ನಡೆಯುವ ಮನೆಯಲ್ಲಿ ಮಗನೋ ಮಗಳೋ ಮತ್ತೊಂದು ವರ್ಷ ಪರೀಕ್ಷೆಗೆ ಓದುವುದೆಂದರೆ ಒಂದು ವರ್ಷದ ಸಂಪಾದನೆಯನ್ನು ಮುಂದೂಡಿದಂತೆಯೇ ಸರಿ. ಆದುದರಿಂದ ಒಂದು ಸಲ ಅಂಕ ಕಡಿಮೆಯಾದೊಡನೆ "ಇದು ನಮ್ಮಂಥವರಿಗೆ ಹೇಳಿಸಿದ್ದಲ್ಲ" ಎಂಬ ತೀರ್ಮಾನ ಮನೆಯಲ್ಲಿ ಸುಲಭವಾಗಿ ಮೂಡುತ್ತದೆ. ಆ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಮೊದಲ ಪ್ರಯತ್ನದ ಉತ್ತರಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೆಯೇ ಹೇಳಲು ಸಾಧ್ಯ. ಅಂಕ ಎಲ್ಲೆಲ್ಲಿ ಕೈಬಿಟ್ಟಿತೆಂದು ಕಂಡುಕೊಂಡು, ಆಯಾ ಕಾರಣಕ್ಕೆ ತಕ್ಕ ಅಭ್ಯಾಸ ಮಾಡಿದವನಿಗೆ ಎರಡನೆಯ ಪ್ರಯತ್ನ ಫಲ ಕೊಡುತ್ತದೆ. ಹಳೆಯ ಕ್ರಮದಲ್ಲಿಯೇ ಇನ್ನಷ್ಟು ಹೊತ್ತು ಓದಿದವನಿಗೆ ಹಳೆಯ ಅಂಕವೇ ಮರಳಿ ಬರುವ ಸಂಭವ ಹೆಚ್ಚು.

ಪರೀಕ್ಷೆಗಳ ಸ್ವರೂಪ

ಕರ್ನಾಟಕದ ವಿದ್ಯಾರ್ಥಿಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ. ಇನ್ನೊಂದು, ಭಾರತೀಯ ವ್ಯವಸ್ಥಾಪನಾ ಸಂಸ್ಥೆಗಳು, ಅಂದರೆ ಐ.ಐ.ಎಂ.ಗಳು, ಅಖಿಲ ಭಾರತ ಮಟ್ಟದಲ್ಲಿ ನಡೆಸುವ ಕ್ಯಾಟ್. ಈ ಸಂಸ್ಥೆಗಳಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನವು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಸ್ಥಾಪಿತವಾದವು. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರು ಮಾತ್ರ. ಆದರೆ ಆ ಸಂಸ್ಥೆಯ ಬಾಗಿಲಿಗೆ ಹೋಗುವ ದಾರಿ ಕ್ಯಾಟ್ ಪರೀಕ್ಷೆಯ ಮೂಲಕವೇ ಹಾಯುತ್ತದೆ.

ಕ್ಯಾಟ್ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. 2024ರ ನವೆಂಬರ್ 24ರಂದು ನಡೆದ ಪರೀಕ್ಷೆಯಲ್ಲಿ 68 ಪ್ರಶ್ನೆಗಳಿದ್ದವು: ಇಂಗ್ಲಿಷ್ ಓದು ಮತ್ತು ಭಾಷಾ ಸಾಮರ್ಥ್ಯ 24, ದತ್ತಾಂಶ ವಿವೇಚನೆ ಮತ್ತು ತರ್ಕ 22, ಗಣಿತ 22. ಒಂದೊಂದು ಭಾಗಕ್ಕೂ 40 ನಿಮಿಷ. ಒಂದು ಭಾಗದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಆ ವರ್ಷ ಸುಮಾರು 2.93 ಲಕ್ಷ ಮಂದಿ ಪರೀಕ್ಷೆ ಬರೆದರು. ಫಲಿತಾಂಶವನ್ನು ಪರ್ಸೆಂಟೈಲ್ ಎಂಬ ಮಾನದಿಂದ ತಿಳಿಸುತ್ತಾರೆ. 99 ಪರ್ಸೆಂಟೈಲ್ ಎಂದರೆ ನೂರಕ್ಕೆ 99 ಅಂಕವೆಂದಲ್ಲ. ನೂರು ಮಂದಿಯಲ್ಲಿ ಸುಮಾರು 99 ಮಂದಿಗಿಂತ ಮುಂದಿನ ಸ್ಥಾನವೆಂದು ಅರ್ಥ. ಆ ಲೆಕ್ಕದಲ್ಲಿ 2024ರಲ್ಲಿ 99 ಪರ್ಸೆಂಟೈಲಿನವನಿಗಿಂತ ಮೇಲೆ ಸುಮಾರು 2,900 ಮಂದಿ ಇದ್ದರು. ಪಿ.ಜಿ.ಸಿ.ಇ.ಟಿ.ಯ ಎಂ.ಬಿ.ಎ. ಪತ್ರಿಕೆ ಇದಕ್ಕಿಂತ ಸರಳ ರಚನೆಯದು: ಎರಡು ಗಂಟೆ, 100 ಪ್ರಶ್ನೆ, 100 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಮತ್ತೆ ಬರೆಯಬೇಕೆ?

ಕ್ಯಾಟ್ ಅಂಕವು ಆ ವರ್ಷದ ಪ್ರವೇಶಕ್ಕಷ್ಟೇ ಸಲ್ಲುತ್ತದೆ. ವಿದೇಶಿ ವಿದ್ಯಾಲಯಗಳು ಕೇಳುವ ಜಿಮ್ಯಾಟ್ ಪರೀಕ್ಷೆಯ ಕ್ರಮ ಬೇರೆ: 16 ದಿನಗಳ ಅಂತರವಿಟ್ಟು, ಹನ್ನೆರಡು ತಿಂಗಳಲ್ಲಿ ಐದು ಸಲದವರೆಗೆ ಬರೆಯಬಹುದು, ಅಂಕವು ಐದು ವರ್ಷ ಊರ್ಜಿತವಾಗಿರುತ್ತದೆ. ಆದುದರಿಂದ ಕ್ಯಾಟಿನಲ್ಲಿ ಎರಡನೆಯ ಪ್ರಯತ್ನವೆಂದರೆ ಪೂರ್ಣ ಒಂದು ವರ್ಷದ ನಿರ್ಧಾರ.

ಆ ವರ್ಷವನ್ನು ಸುಮ್ಮನೆ ಕಳೆಯಬೇಕಾದ ಅಗತ್ಯವಿಲ್ಲ. ಅಂತಿಮ ಪದವಿ ತರಗತಿಯಲ್ಲಿರುವಾಗಲೇ ಮೊದಲ ಸಲ ಬರೆದವನು, ಪದವಿಯ ನಂತರ ಉದ್ಯೋಗದಲ್ಲಿದ್ದುಕೊಂಡೇ ಎರಡನೆಯ ಸಲ ಬರೆಯಬಹುದು. ಬೆಂಗಳೂರಿನ ಐ.ಐ.ಎಂ. ತನ್ನ ಆಯ್ಕೆಯಲ್ಲಿ ಹತ್ತನೆಯ ತರಗತಿ, ಪಿ.ಯು. ಮತ್ತು ಪದವಿಯ ಅಂಕಗಳ ಜೊತೆಗೆ ಉದ್ಯೋಗಾನುಭವಕ್ಕೂ ತೂಕ ಕೊಡುತ್ತದೆ. ಹಿಂದಿನ ತರಗತಿಗಳ ಅಂಕಗಳನ್ನು ಇನ್ನು ತಿದ್ದಲಾಗದು. ಪ್ರವೇಶ ಪರೀಕ್ಷೆಯ ಅಂಕ ಮತ್ತು ಉದ್ಯೋಗಾನುಭವ ಇವೆರಡೇ ವಿದ್ಯಾರ್ಥಿಯ ಕೈಯಲ್ಲಿ ಉಳಿದಿರುವುವು. ಹಳ್ಳಿಯ ಮನೆಯವರಿಗೆ ಈ ಸಂಗತಿಯನ್ನು ಉಪಾಧ್ಯಾಯರು ತಿಳಿಹೇಳಿದರೆ, ವರ್ಷ ವ್ಯರ್ಥವಾಗುವುದೆಂಬ ಭಯ ಬಹುಮಟ್ಟಿಗೆ ತಗ್ಗುತ್ತದೆ.

ತಪ್ಪುಗಳ ವಿಂಗಡಣೆ

ಕ್ಯಾಟ್ ಮುಗಿದ ಮೇಲೆ ಅಭ್ಯರ್ಥಿಯು ಕೊಟ್ಟ ಉತ್ತರಗಳ ಪಟ್ಟಿಯನ್ನೂ ಸರಿಯುತ್ತರಗಳನ್ನೂ ಒದಗಿಸುತ್ತಾರೆ. ಪಿ.ಜಿ.ಸಿ.ಇ.ಟಿ.ಯ ಸರಿಯುತ್ತರಗಳನ್ನೂ ಪ್ರಾಧಿಕಾರವು ಪ್ರಕಟಿಸುತ್ತದೆ. ಹೆಚ್ಚಿನವರು ಒಟ್ಟು ಅಂಕವನ್ನು ನೋಡಿ ಹಾಳೆಯನ್ನು ಮಡಿಸಿಡುತ್ತಾರೆ. ಎರಡನೆಯ ಪ್ರಯತ್ನದ ನಿಜವಾದ ಪಠ್ಯಪುಸ್ತಕ ಆ ಹಾಳೆಯೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಾಲು ಕೊಬ್ಬರಿಯ ದರ 10,000 ರೂಪಾಯಿ ಇದ್ದಿತೆಂದು ಭಾವಿಸೋಣ. ಅದು ಮೊದಲು ಶೇಕಡ 20 ಏರಿ, ಅನಂತರ ಶೇಕಡ 20 ಇಳಿದರೆ, ಮೊದಲಿನ ದರಕ್ಕಿಂತ ಎಷ್ಟು ರೂಪಾಯಿ ಕಡಿಮೆಯಾಯಿತು? ಸರಿಯುತ್ತರ 400.

ಮೊದಲನೆಯ ವಿದ್ಯಾರ್ಥಿ "ಏರಿದಷ್ಟೇ ಇಳಿಯಿತು, ವ್ಯತ್ಯಾಸವಿಲ್ಲ" ಎಂದು ಬರೆಯುತ್ತಾನೆ. ಎರಡನೆಯ ಸಲದ ಶೇಕಡ 20ನ್ನು 12,000ದ ಮೇಲೆ ಲೆಕ್ಕ ಹಾಕಬೇಕೆಂಬುದು ಅವನಿಗೆ ತಿಳಿದಿಲ್ಲ. ಎರಡನೆಯವಳು 9,600 ಎಂಬ ಹೊಸ ದರವನ್ನು ಸರಿಯಾಗಿ ಕಂಡುಹಿಡಿದು, ಅದನ್ನೇ ಉತ್ತರವಾಗಿ ಗುರುತಿಸುತ್ತಾಳೆ. ಅವಳಿಗೆ ಗಣಿತ ಬರುತ್ತದೆ. ಕೇಳಿದ್ದನ್ನು ಪೂರ್ತಿ ಓದಲಿಲ್ಲ. ಮೂರನೆಯವನು 400 ಎಂದೇ ಬರೆಯುತ್ತಾನೆ, ಆದರೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. 1.2ನ್ನು 0.8ರಿಂದ ಗುಣಿಸಿದರೆ 0.96, ಆದುದರಿಂದ ನಷ್ಟ ಶೇಕಡ 4 ಎಂಬ ಹತ್ತಿರದ ದಾರಿ ಅವನಿಗೆ ರೂಢಿಯಿಲ್ಲ. 22 ಪ್ರಶ್ನೆಗೆ 40 ನಿಮಿಷವೆಂದರೆ ಒಂದಕ್ಕೆ ಎರಡು ನಿಮಿಷವೂ ದೊರೆಯದು. ಅವನ ಸರಿಯುತ್ತರವು ಮುಂದಿನ ಒಂದು ಪ್ರಶ್ನೆಯನ್ನು ನುಂಗಿತು.

ಪ್ರಶ್ನೆ ಒಂದೇ, ದೋಷ ಮೂರು. ಮೊದಲನೆಯವನು ಪ್ರೌಢಶಾಲೆಯ ಗಣಿತ ಪುಸ್ತಕಕ್ಕೆ ಹಿಂದಿರುಗಿ ಶೇಕಡ, ಅನುಪಾತ, ಸರಾಸರಿ ಪಾಠಗಳನ್ನು ಮೂಲದಿಂದ ಕಲಿಯಬೇಕು. ಎರಡನೆಯವಳು ಉತ್ತರ ಗುರುತಿಸುವ ಮುನ್ನ ಪ್ರಶ್ನೆಯ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದುವ ಅಭ್ಯಾಸ ಮಾಡಬೇಕು. ಮೂರನೆಯವನು ತಿಳಿದ ಲೆಕ್ಕಗಳನ್ನೇ ಗಡಿಯಾರವಿಟ್ಟುಕೊಂಡು ಮಾಡಬೇಕು. ಮೂವರಿಗೂ ಒಂದೇ ದಪ್ಪ ಪುಸ್ತಕವನ್ನು ಕೊಟ್ಟು "ಚೆನ್ನಾಗಿ ಓದಿ" ಎಂದರೆ ಮೂವರಿಗೂ ಪ್ರಯೋಜನ ಅಲ್ಪ.

ಬಿಡಬೇಕಾದುದನ್ನು ಬಿಡುವುದು

ಕ್ಯಾಟಿನಲ್ಲಿ ಸರಿಯುತ್ತರಕ್ಕೆ 3 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಅಂಕ ಕಡಿತ. ಉತ್ತರವನ್ನು ತಾನೇ ಬರೆಯಬೇಕಾದ ಪ್ರಶ್ನೆಗಳಲ್ಲಿ ಕಡಿತವಿಲ್ಲ. ಒಬ್ಬ ವಿದ್ಯಾರ್ಥಿ ಮೊದಲ ಸಲ 40 ಪ್ರಶ್ನೆಗಳನ್ನು ಉತ್ತರಿಸಿ, 22 ಸರಿ, 18 ತಪ್ಪು ಮಾಡಿದನೆಂದೂ, ತಪ್ಪುಗಳಲ್ಲಿ 14 ಬಹು ಆಯ್ಕೆಯವೆಂದೂ ಇಟ್ಟುಕೊಳ್ಳೋಣ. ಅವನ ಅಂಕ 66ರಲ್ಲಿ 14 ಕಳೆದು 52. ಎರಡನೆಯ ಸಲ ಅವನು 34 ಪ್ರಶ್ನೆಗಳನ್ನು ಮಾತ್ರ ಆರಿಸಿ, 26 ಸರಿ, 8 ತಪ್ಪು ಮಾಡಿ, ತಪ್ಪುಗಳಲ್ಲಿ 6 ಬಹು ಆಯ್ಕೆಯವಾದರೆ, ಅಂಕ 78ರಲ್ಲಿ 6 ಕಳೆದು 72. ಆರು ಪ್ರಶ್ನೆ ಕಡಿಮೆ ಉತ್ತರಿಸಿ ಇಪ್ಪತ್ತು ಅಂಕ ಹೆಚ್ಚು ಪಡೆದಂತಾಯಿತು.

ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ, ಸರಾಸರಿಯಲ್ಲಿ ನಾಲ್ಕು ಸಲಕ್ಕೆ ಒಮ್ಮೆ 3 ಅಂಕ ಬಂದು, ಮೂರು ಸಲದಲ್ಲಿ 3 ಅಂಕ ಹೋಗುತ್ತದೆ, ಲಾಭ ಸೊನ್ನೆ. ಎರಡು ಆಯ್ಕೆಗಳು ಖಂಡಿತ ತಪ್ಪೆಂದು ತಿಳಿದಾಗ ಉಳಿದೆರಡರಲ್ಲಿ ಒಂದನ್ನು ಗುರುತಿಸುವುದು ಲಾಭಕರ. ಪಿ.ಜಿ.ಸಿ.ಇ.ಟಿ.ಯಲ್ಲಾದರೋ ಕಡಿತವೇ ಇಲ್ಲದಿರುವುದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ತರ್ಕ ವಿಭಾಗದಲ್ಲಿ ನಾಲ್ಕೈದು ಪ್ರಶ್ನೆಗಳು ಒಂದೊಂದು ಗುಚ್ಛವಾಗಿ ಬರುವುದರಿಂದ, ಮೊದಲ ಐದು ನಿಮಿಷ ಎಲ್ಲ ಗುಚ್ಛಗಳನ್ನೂ ಕಣ್ಣಾಡಿಸಿ ಸುಲಭವಾದುವನ್ನು ಆರಿಸಿಕೊಳ್ಳುವುದು ಜಾಣತನ.

ಇಂಗ್ಲಿಷ್ ಓದು

ಕನ್ನಡ ಮಾಧ್ಯಮದಲ್ಲಿ ಕಲಿತವರು ಹೆಚ್ಚಾಗಿ ಸೋಲುವುದು ಇಂಗ್ಲಿಷ್ ಗದ್ಯಭಾಗಗಳಲ್ಲಿ. 2024ರ ಕ್ಯಾಟಿನ 24 ಭಾಷಾ ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ನಾಲ್ಕು ಗದ್ಯಭಾಗಗಳನ್ನು ಆಧರಿಸಿದ್ದವು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಈ ಕೊರತೆ ನೀಗದು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನೋ ಪ್ರಬಂಧವನ್ನೋ ಓದಿ, ಲೇಖಕನ ವಾದವೇನೆಂದು ಮೊದಲು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿಯೂ ಅನಂತರ ಇಂಗ್ಲಿಷಿನಲ್ಲಿಯೂ ಬರೆಯಬೇಕು. ಕನ್ನಡದಲ್ಲಿಯೇ ಬರೆಯಲಾಗದಿದ್ದರೆ ಅರ್ಥ ಹಿಡಿಯುವಲ್ಲಿ ದೋಷವಿದೆ; ಕನ್ನಡದಲ್ಲಿ ಬಂದು ಇಂಗ್ಲಿಷಿನಲ್ಲಿ ತಡವರಿಸಿದರೆ ದೋಷ ಭಾಷೆಯದು. ಹೀಗೆ ಮಾತೃಭಾಷೆಯೇ ಒರೆಗಲ್ಲಾಗುತ್ತದೆ.

ನೆನಪು ಮತ್ತು ಮಾದರಿ ಪರೀಕ್ಷೆ

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ, ಕಲಿತದ್ದು ಮೊದಲ ದಿನಗಳಲ್ಲಿ ಬಹು ಬೇಗ ಮರೆಯುತ್ತದೆಂದು ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದನು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟಿದ್ದರು. ಆದುದರಿಂದ ತಪ್ಪಿದ ಲೆಕ್ಕಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು, ಉತ್ತರವನ್ನು ನೋಡದೆ ಒಂದು ವಾರದ ನಂತರವೂ, ಪುನಃ ಮೂರು ವಾರಗಳ ನಂತರವೂ ಬಿಡಿಸಬೇಕು. ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲ್ಲಿನಿಂದ ಬಸ್ಸಿನಲ್ಲಿ ತುಮಕೂರಿಗೆ ನಿತ್ಯ ಬಂದುಹೋಗುವವರಿಗೆ ಆ ಪುಸ್ತಕವು ಪ್ರಯಾಣದ ಸಂಗಾತಿಯಾಗಬಲ್ಲುದು.

ಪೂರ್ಣಾವಧಿಯ ಮಾದರಿ ಪರೀಕ್ಷೆಯನ್ನು ಮಾತ್ರ ಎರಡು ಗಂಟೆ ಕದಲದೆ ಕುಳಿತು ಬರೆಯಬೇಕು. ಬರೆದಷ್ಟೇ ಹೊತ್ತನ್ನು, ಸಾಧ್ಯವಾದರೆ ಅದರ ಎರಡರಷ್ಟನ್ನು, ತಪ್ಪುಗಳ ಪರಿಶೀಲನೆಗೆ ಕೊಡಬೇಕು. ಒಂದು ಪರೀಕ್ಷೆಯ ಏರಿಳಿತದಲ್ಲಿ ಆ ದಿನದ ಅದೃಷ್ಟವೂ ಬೆರೆತಿರುತ್ತದೆ. ಆದುದರಿಂದ ಐದು ಪರೀಕ್ಷೆಗಳ ಸರಾಸರಿಯನ್ನು ಹಿಂದಿನ ಐದರ ಸರಾಸರಿಯೊಡನೆ ಹೋಲಿಸುವುದೇ ಯುಕ್ತ. ಸರಾಸರಿ ಮೇಲೇರುತ್ತಿದ್ದರೆ ಧೈರ್ಯವಾಗಿ ಮುಂದುವರಿಯಬೇಕು. ತಿಂಗಳುಗಟ್ಟಲೆ ಕದಲದಿದ್ದರೆ ಅಭ್ಯಾಸದ ಕ್ರಮವನ್ನು ಬದಲಿಸಬೇಕು. ಆಗಲೂ ಏರದಿದ್ದರೆ ಪಿ.ಜಿ.ಸಿ.ಇ.ಟಿ. ಮೂಲಕ ಸಮೀಪದ ವಿದ್ಯಾಲಯವನ್ನು ಸೇರುವುದರಲ್ಲಿ ಹಿಂಜರಿಕೆ ಸಲ್ಲದು. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೂ 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿಯೂ ಎಂ.ಬಿ.ಎ. ಶಿಕ್ಷಣವಿದೆ.

ಪರೀಕ್ಷೆಯ ದಿನದ ಸಿದ್ಧತೆಯೂ ಅಭ್ಯಾಸದ ಅಂಗವೇ. 2024ರಲ್ಲಿ ಕ್ಯಾಟಿನ ಮೊದಲ ಸರದಿ ಬೆಳಗ್ಗೆ 8.30ಕ್ಕೆ ಆರಂಭವಾಯಿತು. ಅಂತಹ ಸರದಿ ಬಿದ್ದು, ಕೇಂದ್ರವೂ ಬೆಂಗಳೂರಿನಲ್ಲಿದ್ದರೆ, ಕುಣಿಗಲ್ಲಿನ ವಿದ್ಯಾರ್ಥಿ ಹಿಂದಿನ ಸಂಜೆಯೇ ಅಲ್ಲಿಗೆ ತಲಪಿ ವಿಶ್ರಮಿಸುವುದು ಒಳ್ಳೆಯದು.

ಶಾಲೆಯ ಪಾತ್ರ

ಕರ್ನಾಟಕದ ಶಾಲಾ ಪರೀಕ್ಷಾ ಮಂಡಲಿಯು 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಿ, ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಲು ಅನುಮತಿಯಿತ್ತಿತು. ಮತ್ತೊಮ್ಮೆ ಬರೆಯುವುದು ಅವಮಾನವೆಂಬ ಹಳೆಯ ಭಾವನೆಗೆ ಇದರಿಂದ ಪೆಟ್ಟು ಬಿದ್ದಿದೆ. ತಪ್ಪನ್ನು ಮರೆಮಾಚದೆ, ಅದರ ಜಾತಿಯನ್ನು ಗುರುತಿಸಿ ತಿದ್ದಿಕೊಳ್ಳುವ ಅಭ್ಯಾಸವನ್ನು ಪ್ರೌಢಶಾಲೆಯಲ್ಲಿಯೇ ಬೆಳೆಸಿದರೆ, ಮುಂದೆ ಯಾವ ಪ್ರವೇಶ ಪರೀಕ್ಷೆಗೂ ಅದು ನೆರವಾಗುತ್ತದೆ. ಉಪಾಧ್ಯಾಯರು ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಎಳೆಯುವಾಗ "ತಿಳಿದಿಲ್ಲ", "ಗಮನಿಸಲಿಲ್ಲ", "ಸಮಯ ಸಾಲಲಿಲ್ಲ" ಎಂಬ ಒಂದು ಮಾತನ್ನು ಪಕ್ಕದಲ್ಲಿ ಬರೆದರೂ ಸಾಕು, ಕೆಲಸ ಆರಂಭವಾದಂತೆಯೇ.

ಹಳೆಯ ವಿದ್ಯಾರ್ಥಿಗಳಲ್ಲಿ ಇಂತಹ ಪರೀಕ್ಷೆಗಳನ್ನು ಎದುರಿಸಿದವರು ತಿಂಗಳಿಗೊಂದು ಭಾನುವಾರ ಬಂದು ಕಿರಿಯರ ತಪ್ಪುಗಳ ಪುಸ್ತಕವನ್ನು ನೋಡಬಹುದು. ದಾನಿಗಳು ಒದಗಿಸಬೇಕಾದುದೂ ಬಹು ದೊಡ್ಡದೇನಲ್ಲ. 2024ರಲ್ಲಿ ಕ್ಯಾಟಿನ ಶುಲ್ಕ ಸಾಮಾನ್ಯ ಅಭ್ಯರ್ಥಿಗೆ 2,500 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಅದರ ಅರ್ಧ. ಆ ಶುಲ್ಕ, ಒಂದೆರಡು ಇಂಗ್ಲಿಷ್ ಪತ್ರಿಕೆಗಳು, ಎರಡು ಗಂಟೆ ಯಾರೂ ಕದಲಿಸದ ಗಣಕಯಂತ್ರದ ಕೊಠಡಿ, ಇಷ್ಟು ದೊರೆತರೆ, ಮೊದಲ ಸಲ ಹಿಂದೆ ಬಿದ್ದ ಮಗುವಿನ ಮನೆಯವರು ಎರಡನೆಯ ಸಲಕ್ಕೆ ಒಪ್ಪಿಗೆ ಕೊಡುವುದು ಸುಲಭವಾಗುತ್ತದೆ. ಅದೃಷ್ಟವನ್ನು ಯಾರೂ ಕೊಡಲಾರರು. ಇನ್ನೊಂದು ಅವಕಾಶವನ್ನು ಒಂದು ವಿದ್ಯಾಸಂಸ್ಥೆ ಕೊಡಬಲ್ಲುದು.