ದಿನ ತುಂಬದ ಕೂಸಿನ ಕಣ್ಣು

ಗರ್ಭದಲ್ಲಿ ಶಿಶುವು ಸುಮಾರು 40 ವಾರ ಬೆಳೆಯುವುದು ಪ್ರಕೃತಿನಿಯಮ. 37 ವಾರ ತುಂಬುವ ಮೊದಲೇ ಜನಿಸಿದ್ದನ್ನು ವೈದ್ಯಶಾಸ್ತ್ರವು ಅವಧಿಪೂರ್ವ ಶಿಶುವೆಂದು ಕರೆಯುತ್ತದೆ. ನಮ್ಮ ತಾಯಂದಿರು ‘ದಿನ ತುಂಬದ ಕೂಸು’ ಎನ್ನುತ್ತಾರೆ. ಹಿಂದೆ ಇಂಥ ಕೂಸುಗಳು ಬದುಕುವುದೇ ವಿರಳವಾಗಿತ್ತು. ಇಂದು ನವಜಾತ ಶಿಶುಗಳ ನಿಗಾ ಘಟಕಗಳ ಫಲವಾಗಿ ಅನೇಕ ಜೀವಗಳು ಉಳಿಯುತ್ತಿವೆ. ಆದರೆ ಜೀವ ಉಳಿದ ಕೂಸಿನ ದೃಷ್ಟಿಯೂ ಉಳಿಯಿತೇ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ರೋಗದ ಸ್ವರೂಪ

ಕಣ್ಣಿನ ಒಳಭಿತ್ತಿಯಾದ ಅಕ್ಷಿಪಟಲದ ರಕ್ತನಾಳಗಳು ಗರ್ಭದ 16ನೆಯ ವಾರದ ಸುಮಾರಿಗೆ ನಡುವಿನಿಂದ ಹೊರಟು, 40ನೆಯ ವಾರದ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ನೇಕಾರರ ಊರಾದ ಬನಹಟ್ಟಿಯಲ್ಲಿ ಹೇಳುವುದಾದರೆ, ದಿನ ತುಂಬದ ಕೂಸಿನ ಅಕ್ಷಿಪಟಲವು ಸೆರಗು ಮುಗಿಯುವ ಮುನ್ನವೇ ಮಗ್ಗದಿಂದ ಇಳಿಸಿದ ಸೀರೆಯಂತೆ. ಹುಟ್ಟಿದ ಮೇಲೆ ಆಮ್ಲಜನಕವು ಅತಿಯಾದರೆ ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ತರುವಾಯ, ರಕ್ತವಿಲ್ಲದ ಭಾಗದಲ್ಲಿ ಕೊರತೆಯುಂಟಾಗಿ, ದುರ್ಬಲವಾದ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟುತ್ತವೆ. ತೀವ್ರವಾದಾಗ ಅಕ್ಷಿಪಟಲವನ್ನೇ ಎಳೆದು ಕಳಚುತ್ತವೆ. ಇದೇ ‘ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ’.

ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಟೆರಿಯವರು 1942ರಲ್ಲಿ ಈ ರೋಗವನ್ನು ವರ್ಣಿಸಿದರು. ಅತಿಯಾದ ಆಮ್ಲಜನಕವು ಇದಕ್ಕೆ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ಡಾ. ಕೇಟ್ ಕ್ಯಾಂಪ್‌ಬೆಲ್ ಸೂಚಿಸಿದರು. ಆ ಬಳಿಕ ಆಮ್ಲಜನಕವನ್ನು ತೀರ ಕಡಿತಗೊಳಿಸಿದಾಗ ಅಂಧತೆ ಇಳಿಯಿತು, ಆದರೆ ಶಿಶುಮರಣ ಏರಿತು. ಆದುದರಿಂದ ಪ್ರಾಣವಾಯುವನ್ನು ಅಳೆದು ಕೊಡುವುದೇ ಸರಿಯಾದ ಮಾರ್ಗ.

ಅಪಾಯದ ಕಾರಣಗಳು

ಮೊದಲನೆಯದು, ಗರ್ಭದ ಅವಧಿ ಕಡಿಮೆಯಾಗಿರುವುದು. ಎರಡನೆಯದು, ಜನನಕಾಲದ ತೂಕ ಕಡಿಮೆಯಿರುವುದು. ಮೂರನೆಯದು, ಅಳತೆಯಿಲ್ಲದ ಆಮ್ಲಜನಕ. ಇವಲ್ಲದೆ ರಕ್ತದ ಸೋಂಕು, ಉಸಿರಾಟದ ತೊಂದರೆ, ಪದೇ ಪದೇ ರಕ್ತ ಕೊಡಬೇಕಾಗುವುದು, ಹುಟ್ಟಿದ ಬಳಿಕ ತೂಕ ಸರಿಯಾಗಿ ಏರದಿರುವುದು ಸಹ ಅಪಾಯವನ್ನು ಹೆಚ್ಚಿಸುತ್ತವೆ. ಶ್ರೀಮಂತ ದೇಶಗಳಲ್ಲಿ ಅತಿ ಸಣ್ಣ ಶಿಶುಗಳನ್ನೇ ಹೆಚ್ಚಾಗಿ ಬಾಧಿಸುವ ಈ ರೋಗವು ನಮ್ಮ ದೇಶದಲ್ಲಿ ಅವಕ್ಕಿಂತ ದೊಡ್ಡ ಕೂಸುಗಳನ್ನೂ ಬಿಟ್ಟಿಲ್ಲ.

ಪರಿಹಾರ

ಈ ರೋಗದ ಆರಂಭದಲ್ಲಿ ಹೊರಗಣ್ಣಿಗೆ ಯಾವ ಚಿಹ್ನೆಯೂ ಕಾಣದು. ಪಾಪೆಯಲ್ಲಿ ಬಿಳುಪು ಕಂಡಾಗ ಕಾಲ ಮಿಂಚಿರುತ್ತದೆ. ಆದ್ದರಿಂದ 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ 2 ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಪ್ರತಿಯೊಂದು ಕೂಸಿನ ಕಣ್ಣನ್ನೂ 30 ದಿನಗಳೊಳಗೆ ತಜ್ಞರು ಪರೀಕ್ಷಿಸಬೇಕು. ಅತಿ ಸಣ್ಣ ಕೂಸುಗಳನ್ನು ಎರಡು ಮೂರು ವಾರಗಳಲ್ಲಿಯೇ. 34 ರಿಂದ 36 ವಾರಗಳಲ್ಲಿ ಹುಟ್ಟಿದವಕ್ಕೂ ಮೇಲಿನ ತೊಂದರೆಗಳಿದ್ದರೆ ಪರೀಕ್ಷೆ ಅಗತ್ಯ. ರೋಗ ತೀವ್ರವೆನಿಸಿದರೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆಯಾಗಬೇಕು. ಸಕಾಲದ ಚಿಕಿತ್ಸೆಯಿಂದ ಬಹುಪಾಲು ಕೂಸುಗಳ ದೃಷ್ಟಿ ಉಳಿಯುತ್ತದೆ.

ತಜ್ಞರು ವಿರಳ, ಇರುವವರೂ ಬಹುತೇಕ ನಗರವಾಸಿಗಳು. ಈ ಕೊರತೆಯನ್ನು ನೀಗಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ದೂರದ ಆಸ್ಪತ್ರೆಗಳಿಗೆ ಒಯ್ದು, ಅಕ್ಷಿಪಟಲದ ಚಿತ್ರಗಳನ್ನು ಅಂತರ್ಜಾಲದ ಮೂಲಕ ತಜ್ಞರಿಗೆ ಕಳುಹಿಸುತ್ತಾರೆ. ಕನ್ನಡ ನಾಡಿನಲ್ಲಿ ಮೂಡಿದ ಈ ಮಾದರಿ ಹೆಮ್ಮೆ ಪಡುವಂಥದು.

ಉಪಸಂಹಾರ

ತರಗತಿಯಲ್ಲಿ ಕರಿಹಲಗೆ ಕಾಣದ ಮಗುವಿಗೆ ಶಿಕ್ಷಕರು ನೆರವಾಗಬಲ್ಲರು. ಕಳೆದ ದೃಷ್ಟಿಯನ್ನು ಮರಳಿಸಲಾರರು. ನೆರೆಹೊರೆಯಲ್ಲಿ ದಿನ ತುಂಬದ ಕೂಸು ಹುಟ್ಟಿದೆಯೆಂದು ತಿಳಿದರೆ, “ಕಣ್ಣಿನ ಪರೀಕ್ಷೆ ಆಯಿತೇ?” ಎಂದು ಕೇಳುವುದು ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಸಾಧ್ಯ. ಬಡ ತಾಯಿಯೊಬ್ಬಳನ್ನು ಸಕಾಲದಲ್ಲಿ ತಜ್ಞರ ಬಳಿಗೆ ತಲುಪಿಸುವ ಪ್ರಯಾಣವೆಚ್ಚ ದಾನಿಗಳಿಗೆ ಸಣ್ಣದು. ಆ ಕೂಸಿಗೆ ಅದು ಬಾಳಿನ ಬೆಳಕು.